ಕಾಕಾನ ಹಳೆ ಯಜ್ಡಿ ಬಿಚ್ಚಲು ಕೂತಿದ್ದೇನೆ, ಎಂಜಿನ್ ಪೂರ್ತಿ ತೆಗೆಯಬೇಕಾ?

ಜಮಖಂಡಿ_ಹುಡುಗ

ನಮಸ್ಕಾರ ಎಲ್ಲರಿಗೂ. ನಮ್ಮ ಕಾಕಾ ಅವರ ಯಜ್ಡಿ ರೋಡ್‌ಕಿಂಗ್ ಬೈಕ್ ಹೊಲದ ಶೆಡ್ಡಿನಲ್ಲಿ ಬಹಳ ವರ್ಷದಿಂದ ನಿಂತಿತ್ತು. ಆರ್‌ಸಿ ಬುಕ್ಕಿನಲ್ಲಿ 1984 ಅಂತ ಇದೆ. ಕಾಕಾಗೆ ಮೊಣಕಾಲು ಹಿಡಿದುಕೊಂಡ ಮೇಲೆ ಕಿಕ್ ಹೊಡೆಯಲು ಆಗದೆ ಬಿಟ್ಟರು, ಆಮೇಲೆ ಅದರ ಮೇಲೆ ಗೊಬ್ಬರದ ಚೀಲ, ಡ್ರಿಪ್ ಪೈಪು, ಹಳೆ ಸ್ಪ್ರೇಯರ್ ಎಲ್ಲ ಏರಿ ಕೂತವು. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದ. ಕಾಕಾ ಕೊಡಲಿಲ್ಲ. "ನಿನಗ ಬೇಕಂದ್ರ ತಗೊಂಡು ಹೋಗು, ಮಾರಬ್ಯಾಡ ಅಷ್ಟ" ಅಂದರು. ಈಗ ನಮ್ಮ ಮನೆ ಹಿತ್ತಲಿಗೆ ಬಂದಿದೆ.

ನನ್ನ ಅನುಭವ ಅಂದರೆ ಸ್ಪ್ಲೆಂಡರ್‌ನ ಪ್ಲಗ್, ಬ್ರೇಕ್ ಶೂ, ಚೈನ್, ಕ್ಲಚ್ ಕೇಬಲ್ ಇಷ್ಟೇ. ಎಂಜಿನ್ ಒಳಗೆ ಕೈ ಹಾಕಿದವನೇ ಅಲ್ಲ. ಟೂ ಸ್ಟ್ರೋಕ್ ಅಂತೂ ಓಡಿಸಿ ಗೊತ್ತು, ಬಿಚ್ಚಿ ಗೊತ್ತಿಲ್ಲ.

ಗಾಡಿಯ ಸ್ಥಿತಿ ಹೀಗಿದೆ. ಕಿಕ್ ಕಾಲು ಭಾಗ ಕೆಳಗೆ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ, ಎಂಜಿನ್ ಜಾಮ್ ಆಗಿದೆ ಅನಿಸುತ್ತದೆ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಪೂರ್ತಿ ಕೆಂಪು ತುಕ್ಕು. ವೈರಿಂಗ್ ಇಲಿ ಕಡಿದಿದೆ. ಎರಡೂ ಸೈಲೆನ್ಸರ್ ಬಿಚ್ಚಿದೆ, ಒಂದರೊಳಗೆ ಕಡಜ ಗೂಡು ಕಟ್ಟಿತ್ತು. ಹಳೆ ಬ್ಯಾಟರಿ 6 ವೋಲ್ಟಿನದು, ಉಬ್ಬಿ ಒಡೆದು ಅದರ ಆಸಿಡ್ ಕೆಳಗಿನ ತಗಡನ್ನು ತಿಂದುಬಿಟ್ಟಿದೆ. ಫ್ರೇಮ್ ಮಾತ್ರ ಗಟ್ಟಿಯಾಗಿದೆ, ಎಲ್ಲೂ ವೆಲ್ಡಿಂಗ್ ಮಾಡಿದ ಗುರುತಿಲ್ಲ.

ಊರಿನ ಮಿಸ್ತ್ರಿ ಒಬ್ಬರು ಬಂದು ನೋಡಿ "ಎಲ್ಲಾ ಬಿಚ್ಚಿ ಹರವಿಬಿಡು, ಆಮೇಲೆ ನೋಡೋಣ" ಅಂದರು. ಇನ್ನೊಬ್ಬರು "ಎಂಜಿನ್ ಕೆಳಗಿನ ಭಾಗ ಮುಟ್ಟಲೇಬೇಡ, ಬ್ಯಾರಲ್ (ಪಿಸ್ಟನ್ ಓಡಾಡುವ ಸಿಲಿಂಡರ್) ಅಷ್ಟೇ ಮಾಡಿಸು" ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಯಾವ ಪಾನಾ, ಯಾವ ಪುಲ್ಲರ್ ತೆಗೆದುಕೊಳ್ಳಬೇಕು? ಬೋರಿಂಗ್ (ಬ್ಯಾರಲ್ ಒಳಗೋಡೆ ಕೊರೆದು ನಯ ಮಾಡುವುದು), ಕ್ರ್ಯಾಂಕ್ (ಪಿಸ್ಟನ್ ಓಟದಿಂದ ತಿರುಗುವ ಶಾಫ್ಟು) ಕೆಲಸಕ್ಕೆ ಬೆಳಗಾವಿಗೆ ಹೋಗಬೇಕಾ, ಕೊಲ್ಹಾಪುರಕ್ಕಾ? ಆರ್‌ಸಿ ಅವಧಿ ಮುಗಿದು ಕಾಲವಾಗಿದೆ, ಅದರ ಗತಿ ಏನು? ಅವಸರ ಏನಿಲ್ಲ, ಮೊದಲ ಸಲ ಮಾಡುತ್ತಿರುವುದರಿಂದ ಸರಿಯಾಗಿ ಮಾಡಬೇಕು ಅಂತ ಆಸೆ.

---

ಗುಮ್ಮಟ_ಟೂಸ್ಟ್ರೋಕ್ (ವಿಜಯಪುರ)

ತಮ್ಮಾ, ಮೊದಲು ಆ ಕಿಕ್ ಮೇಲೆ ಹತ್ತಿ ನಿಲ್ಲುವುದನ್ನು ಬಿಡು. ಜಾವಾ, ಯಜ್ಡಿಯಲ್ಲಿ ಕಿಕ್ಕೂ ಗೇರೂ ಒಂದೇ ಲಿವರ್. ಒಳಗೆ ತಳ್ಳಿ ಹಿಂದಕ್ಕೆ ತಿರುಗಿಸಿದರೆ ಕಿಕ್, ಮುಂದಕ್ಕೆ ಇಟ್ಟರೆ ಗೇರ್. ಜಾಮ್ ಆದ ಎಂಜಿನ್ ಮೇಲೆ ಮೈಭಾರ ಹಾಕಿದರೆ ಪಿಸ್ಟನ್ ಬಿಡುವುದಿಲ್ಲ, ಒಳಗಿನ ಹಲ್ಲು ಮುರಿಯುತ್ತದೆ. ಒಂದು ಕೆಲಸ ಹೋಗಿ ಎರಡಾಗುತ್ತದೆ.

ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಅರ್ಧರ್ಧ ಕಲಸಿ ಪ್ಲಗ್ ತೂತಿನಿಂದ ಸುರಿಯಿರಿ. ಆದರೆ ಅದಕ್ಕೂ ಮೊದಲು ಟಾರ್ಚ್ ಹಿಡಿದು ಮುಂದಿನ ಎಕ್ಸಾಸ್ಟ್ ಬಾಯಿಯಲ್ಲಿ ನೋಡಿ, ಹೇಗೂ ಪೈಪ್ ಬಿಚ್ಚಿದ್ದೀರಿ. ಪಿಸ್ಟನ್ ಗೋಡೆ ಕಂಡರೆ ಬಾಯಿ ಮುಚ್ಚಿದೆ ಅಂತ, ಎಣ್ಣೆ ಮೇಲೆ ನಿಲ್ಲುತ್ತದೆ. ಬಾಯಿ ತೆರೆದಿದ್ದರೆ ಪಿಸ್ಟನ್ ಕೆಳಗಿದೆ, ಸುರಿದದ್ದೆಲ್ಲ ಅಲ್ಲೇ ಹೊರಗೆ ಹರಿಯುತ್ತದೆ, ಆಗ ಗಾಡಿ ಹಿಂದಕ್ಕೆ ವಾಲಿಸಿ ಚಿಂದಿ ತುರುಕಿ ಸುರಿಯಬೇಕು. ಒಂದೆರಡು ದಿನ ಹಾಗೇ ಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಗಾಲಿಯನ್ನು ಕೈಯಿಂದ ಹಿಂದೆ ಮುಂದೆ ಹಗುರಾಗಿ ಆಡಿಸಿ. ಟಾಪ್ ಗೇರಿನಲ್ಲಿ ಗಾಲಿಯ ತಿರುಗು ಎಂಜಿನ್ನಿಗೆ ಮೆಲ್ಲಗೆ ಹೋಗುತ್ತದೆ, ಕಿಕ್ಕಿನ ಹಾಗೆ ಒಂದೇ ಏಟಲ್ಲ. ಬಹಳ ಸಲ ಬರೀ ರಿಂಗು ಬೋರಿಗೆ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ, ಅದು ಬಿಡುತ್ತದೆ.

ಬಿಡಲಿಲ್ಲ ಅಂದರೂ ಹೆದರಬೇಡಿ, ಹೆಡ್ಡು ಬ್ಯಾರಲ್ಲು ಹೇಗೂ ಬಿಚ್ಚಲೇಬೇಕು. ಟ್ಯಾಂಕ್ ಇಳಿಸಿದ್ದರೆ ಅವೆರಡೂ ಫ್ರೇಮ್‌ನಲ್ಲಿದ್ದಾಗಲೇ ಬರುತ್ತವೆ. ಬ್ಯಾರಲ್ ಎತ್ತುವಾಗ ಕೆಳಗಿನ ಬಾಯಿಗೆ ಸ್ವಚ್ಛ ಬಟ್ಟೆ ತುಂಬಿ, ಆಮೇಲೇ ಗಜನ್ ಪಿನ್ನಿನ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ನು) ಲಾಕ್ ತೆಗೆಯಿರಿ. ಆ ಸಣ್ಣ ತಂತಿ ಚಿಮ್ಮಿ ಕ್ರ್ಯಾಂಕ್ ಕೇಸಿನೊಳಗೆ ಬಿದ್ದರೆ ಮುಗಿಯಿತು, ಬೇಕೋ ಬೇಡವೋ ಪೂರ್ತಿ ಬಿಚ್ಚಬೇಕು. ತೆಗೆದ ಲಾಕ್ ಮತ್ತೆ ಹಾಕಬಾರದು, ಹೊಸದೇ ಹಾಕಬೇಕು.

ಈಗ ನಿಮ್ಮ ಪ್ರಶ್ನೆ, ಕೆಳಗಿನದು ಬಿಚ್ಚಬೇಕೋ ಬೇಡವೋ. ಪಿಸ್ಟನ್ ತೆಗೆದ ಮೇಲೆ ಕನೆಕ್ಟಿಂಗ್ ರಾಡ್ ಹಿಡಿದು ಅದನ್ನು ಪೂರ್ತಿ ಮೇಲಕ್ಕೆ ತನ್ನಿ. ನೇರ ಮೇಲಕ್ಕೆ ಎಳೆದು ಕೆಳಕ್ಕೆ ಒತ್ತಿ ನೋಡಿ. ಅಲ್ಲಿ ಟಕ್ ಅಂತ ಚೂರು ಆಡಿದರೂ ಕ್ರ್ಯಾಂಕ್ ಬಿಚ್ಚಬೇಕು, ಅದರಲ್ಲಿ ಮಾತಿಲ್ಲ. ಎಡಕ್ಕೆ ಬಲಕ್ಕೆ ಸ್ವಲ್ಪ ಆಡುವುದು ಸಹಜ, ಅದನ್ನು ನೋಡಿ ಗಾಬರಿಯಾಗಬೇಡಿ. ಆಮೇಲೆ ಕ್ರ್ಯಾಂಕನ್ನು ಕೈಯಿಂದ ನಿಧಾನ ತಿರುಗಿಸಿ, ಬೇರಿಂಗ್ ಒಳಗೆ ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಅದೂ ಹೋಗಿದೆ ಅಂತ. ಎರಡೂ ಚೆನ್ನಾಗಿದ್ದರೆ ನಾನಂತೂ ಮುಟ್ಟಲ್ಲ.

ಬಿಚ್ಚುವಾಗ ಫೋಟೋ ಎಲ್ಲರೂ ತೆಗೆಯುತ್ತಾರೆ, ಆದರೆ ಫೋಟೋದಲ್ಲಿ ಯಾವ ಸ್ಕ್ರೂ ಉದ್ದ ಯಾವುದು ಗಿಡ್ಡ ಅಂತ ತಿಳಿಯಲ್ಲ. ಹಳೆ ರಟ್ಟಿನ ಡಬ್ಬಿ ತೆಗೆದುಕೊಂಡು ಕವರಿನ ಆಕಾರ ಅದರ ಮೇಲೆ ಪೆನ್ನಿನಲ್ಲಿ ಬರೆದು, ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಕೇಸ್ ಒಡೆಯುತ್ತದೆ.

ಪಾನಾ ಸೆಟ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಅದಕ್ಕೆ ಎರಡು ಸೇರಿಸಿ. ಒಂದು, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಡ್ರೈವರ್, ಅದಿಲ್ಲದೆ ಆ ಹಳೆ ಕವರ್ ಸ್ಕ್ರೂಗಳ ತಲೆ ಸವೆದು ಹೋಗುತ್ತದೆ. ಇನ್ನೊಂದು, ಇದೇ ಗಾಡಿಯ ಕ್ಲಚ್ ಮತ್ತು ಡೈನಮೊ ಕಡೆಯ ಪುಲ್ಲರ್. ಚಾಣ ಇಟ್ಟು ಸುತ್ತಿಗೆಯಿಂದ ನಟ್ ಹೊಡೆಯುವ ಮಿಸ್ತ್ರಿಯನ್ನು ಗಾಡಿ ಹತ್ತಿರ ಬಿಡಬೇಡಿ. ಹಳೆ ಎಂಜಿನ್ನಿನಲ್ಲಿ ಕೆಲವು ನಟ್ ಉಲ್ಟಾ ಆಟೆ (ಉಲ್ಟಾ ದಿಕ್ಕಿಗೆ ಬಿಚ್ಚುವ ಥ್ರೆಡ್ಡು) ಇರುತ್ತವೆ, ಬಿಗಿ ಅನಿಸಿದರೆ ಜೋರು ಹಾಕುವ ಮೊದಲು ಯಾವ ಕಡೆ ಬಿಚ್ಚುತ್ತದೆ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್ನೊಂದು, ಅಂಗಡಿಗೆ ಹೋಗಿ "ಯಜ್ಡಿ" ಅಂತ ಮಾತ್ರ ಹೇಳಬೇಡಿ. 2022ರಲ್ಲಿ ಅದೇ ಹೆಸರಿನಲ್ಲಿ ಹೊಸ ಗಾಡಿ ಬಂದಿದೆ, ಅದು ಫೋರ್ ಸ್ಟ್ರೋಕ್, ನೀರಿನಿಂದ ತಣ್ಣಗಾಗುವ ಎಂಜಿನ್ನು. ಅದರ ಎಂಜಿನ್ ಸಾಮಾನು ನಿಮ್ಮದಕ್ಕೆ ಉಪಯೋಗವಿಲ್ಲ. ನಿಮ್ಮದು ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಆದದ್ದು. ಅದು 1996ರಲ್ಲೇ ಮುಚ್ಚಿತು, ಹಾಗಾಗಿ ಈಗ ಸಿಗುವುದೆಲ್ಲ ಬೇರೆಯವರು ಮಾಡಿದ್ದು ಅಥವಾ ಯಾರೋ ಎತ್ತಿಟ್ಟ ಹಳೆ ಸ್ಟಾಕು.

---

ಉದ್ಯಮಬಾಗ್_ಲೇಥ್ (ಬೆಳಗಾವಿ)

ಗುಮ್ಮಟದ ಅಣ್ಣಾವ್ರು ಹೇಳಿದ್ದರಲ್ಲಿ ಒಂದು ಮಾತು ಬಿಟ್ಟು ಎಲ್ಲಾ ಒಪ್ಪಿದೆ. ಇಷ್ಟು ವರ್ಷ ನಿಂತ ಟೂ ಸ್ಟ್ರೋಕ್ ಆದರೆ ರಾಡ್ ಆಡಲಿ ಬಿಡಲಿ, ಕೆಳಗಿನದು ಬಿಚ್ಚಬೇಕು. ಕಾರಣ ರಾಡ್ ಅಲ್ಲ, ಆಯಿಲ್ ಸೀಲು.

ಫೋರ್ ಸ್ಟ್ರೋಕ್ ಓಡಿಸಿದವರಿಗೆ ಇದು ಬೇಗ ಹೊಳೆಯಲ್ಲ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಕೇಸೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲು ಗಾಳಿ ಕೆಳಗೆ ಎಳೆಯುತ್ತದೆ, ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಕ್ರ್ಯಾಂಕಿನ ಎರಡೂ ತುದಿಯಲ್ಲಿ ರಬ್ಬರ್ ಸೀಲು ಗಾಳಿ ಬಿಗಿಯಾಗಿ ಇದ್ದರೆ ಮಾತ್ರ ಈ ಆಟ ನಡೆಯುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ರಬ್ಬರ್ ಒಣಗಿ ಗಟ್ಟಿಯಾಗಿ ಶಾಫ್ಟಿನಿಂದ ಬಿಟ್ಟುಕೊಂಡಿರುತ್ತದೆ. ಡೈನಮೊ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಪೆಟ್ರೋಲು ಕಡಿಮೆ ಗಾಳಿ ಜಾಸ್ತಿ ಆಗಿ ಎಕ್ಸಲೇಟರ್ ಬಿಟ್ಟರೂ ಎಂಜಿನ್ ಒದರುತ್ತಲೇ ಇರುತ್ತದೆ, ನೀವು ಕಾರ್ಬೊರೇಟರ್ ತಿರುವುತ್ತಾ ಕೂರುತ್ತೀರಿ, ಕೊನೆಗೆ ಹೊಸ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ಲನ್ನೇ ಕುಡಿಯುತ್ತದೆ, ಬಿಳಿ ಹೊಗೆ ನಿಲ್ಲಲ್ಲ, ಪ್ಲಗ್ ಮತ್ತೆ ಮತ್ತೆ ಒದ್ದೆ. ಬೋರಿಂಗ್ ಮಾಡಿಸಿ ಹೊಸ ಪಿಸ್ಟನ್ ಹಾಕಿ, ಹತ್ತಾರು ರೂಪಾಯಿಯ ಸೀಲ್ ಬಿಟ್ಟು ಕಟ್ಟಿದ ಎಂಜಿನ್ನುಗಳು ನಮ್ಮ ಟೇಬಲ್ಲಿಗೆ ವಾಪಸ್ ಬರುತ್ತಲೇ ಇರುತ್ತವೆ.

ಹಾಗಾಗಿ ಎಂಜಿನ್ ಇಳಿಸಿ. ಕೇಸಿನ ಎರಡು ಹೋಳು ಬೇರೆ ಮಾಡುವಾಗ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಆ ಮುಖಕ್ಕೆ ಒಂದು ಗೀರು ಬಿದ್ದರೂ ಅಲ್ಲಿಂದಲೇ ಗಾಳಿ ಸೋರುತ್ತದೆ, ಆಮೇಲೆ ಎಷ್ಟು ಪೇಸ್ಟ್ ಹಚ್ಚಿದರೂ ಅಷ್ಟೇ. ಎಲ್ಲಾ ಸ್ಕ್ರೂ ಬಂದಿದೆಯಾ ಇನ್ನೊಮ್ಮೆ ನೋಡಿ, ರಬ್ಬರ್ ಸುತ್ತಿಗೆಯಿಂದ ಸುತ್ತಲೂ ತಟ್ಟಿ. ಬರಲಿಲ್ಲ ಅಂದರೆ ಕೇಸ್ ಬಿಸಿ ಮಾಡಿ. ಅಲ್ಯೂಮಿನಿಯಂ ಬೇರಿಂಗಿಗಿಂತ ಜಾಸ್ತಿ ಹಿಗ್ಗುತ್ತದೆ, ಸುಮಾರು 100 ಡಿಗ್ರಿಗೆ ಬಂದಾಗ ನೀರಿನ ಹನಿ ಚುಂಯ್ ಅನ್ನುತ್ತದೆ, ಆಗ ಬೇರಿಂಗ್ ತಾನೇ ಕೆಳಗೆ ಬೀಳುತ್ತದೆ. ಹೊಸದು ಹಾಕುವಾಗ ಹಿಂದಿನ ರಾತ್ರಿ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡಿ. ಮನೆಯಲ್ಲಿ ಬೈಯ್ಯುತ್ತಾರೆ, ಬೈಯ್ಯಲಿ. ಗ್ಯಾಸ್ ಕಟರಿನ ಬೆಂಕಿ ಒಂದೇ ಜಾಗಕ್ಕೆ ಹಿಡಿಯಬೇಡಿ, ಕೇಸ್ ಸೊಟ್ಟಾಗುತ್ತದೆ.

ಬೇರಿಂಗ್ ತರಲು "ಯಜ್ಡಿ ಬೇರಿಂಗ್" ಅಂತ ಕೇಳುವ ಅಗತ್ಯವಿಲ್ಲ. ಅದರ ಪಕ್ಕದಲ್ಲೇ ನಂಬರ್ ಕೆತ್ತಿರುತ್ತದೆ, ಒರೆಸಿ ಓದಿ. ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ. 6204 ಅಂದರೆ 20 ಮಿಮೀ, 6305 ಅಂದರೆ 25. ಅದೇ ನಂಬರ್ ಹೇಳಿ ಒಳ್ಳೆ ಕಂಪನಿಯದು ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೇಳಿ, ಪಂಪ್‌ಸೆಟ್ಟಿಗೂ ಅದೇ ಬೇರಿಂಗ್ ಹೋಗುತ್ತದೆ. ಕ್ರ್ಯಾಂಕಿಗೆ ಸಿ3 ಅಂತ ಬರೆದದ್ದು ತೆಗೆದುಕೊಳ್ಳಿ, ಬಿಸಿಯಾದಾಗ ಹಿಗ್ಗಲು ಜಾಗ ಇಟ್ಟು ಮಾಡಿರುತ್ತಾರೆ.

ಕ್ರ್ಯಾಂಕ್ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಇದು ಪ್ರೆಸ್ ಹಾಕಿ ಕೂಡಿಸಿದ ಕ್ರ್ಯಾಂಕು, ಎರಡು ತೂಕದ ಚಕ್ರ, ನಡುವೆ ಪಿನ್ನು. ರಾಡ್ ಕಿಟ್ ಬದಲಿಸಿದ ಮೇಲೆ ಎರಡೂ ಶಾಫ್ಟ್ ಒಂದೇ ಗೆರೆಗೆ ಬರಬೇಕು. ಡಯಲ್ ಗೇಜ್ ಇಟ್ಟು ತಿರುಗಿಸಿದಾಗ ಮುಳ್ಳು 0.05 ಮಿಮೀ ದಾಟಬಾರದು, ನಾನು 0.03ರೊಳಗೆ ತರುತ್ತೇನೆ. ಕೊಟ್ಟು ಬರುವಾಗ "ಪ್ರೆಸ್ ಮಾಡಿ ಕೊಡ್ತೀರಾ" ಅಂತ ಕೇಳಬೇಡಿ, "ಡಯಲ್ ಹಚ್ಚಿ ತೋರಿಸ್ತೀರಾ" ಅಂತ ಕೇಳಿ. ತೋರಿಸಲ್ಲ ಅಂದವರಿಗೆ ಕೊಡಬೇಡಿ. ಕೊಲ್ಹಾಪುರವೂ ಪರವಾಗಿಲ್ಲ, ಅಲ್ಲೂ ಒಳ್ಳೆ ಕೈಗಳಿವೆ. ಬೆಳಗಾವಿಯಲ್ಲಿ ಫೌಂಡ್ರಿ, ಮಷಿನ್ ಶಾಪ್ ಬೇಕಾದಷ್ಟು, ಆದರೆ ದೊಡ್ಡ ಆರ್ಡರ್ ಮಾಡುವವರು ಒಂದು ಬ್ಯಾರಲ್ ಹಿಡಿದು ಬಂದವನನ್ನು ಗೇಟಿನಲ್ಲೇ ಕಳಿಸುತ್ತಾರೆ. ಸಣ್ಣ ಬೋರಿಂಗ್ ಶಾಪ್ ಹುಡುಕಿ.

ಬೋರಿಂಗ್ ವಿಷಯಕ್ಕೆ ಬಂದರೆ, ಪಿಸ್ಟನ್ ಮೊದಲು ಕೊಳ್ಳಿ, ಬ್ಯಾರಲ್ ಆಮೇಲೆ ಕೊಡಿ. ಬೋರನ್ನು ಆ ಪಿಸ್ಟನ್ನಿಗೇ ಅಳೆದು ಮಾಡಬೇಕು, ಡಬ್ಬಿ ಮೇಲಿನ ನಂಬರ್ ನೋಡಿ ಅಲ್ಲ. ಈ ಎಂಜಿನ್ ಮೂಲ ಬೋರ್ 65 ಮಿಮೀ, ಓವರ್‌ಸೈಜ್ (ಮೂಲ ಅಳತೆಗಿಂತ ದಪ್ಪದ) ಪಿಸ್ಟನ್ 0.25 ಮಿಮೀ ಲೆಕ್ಕದಲ್ಲಿ ಮೇಲೇರುತ್ತದೆ. ಆಮೇಲೆ ಬಹಳ ಜನ ಮರೆಯುವುದು ಒಂದಿದೆ. ಬೋರ್ ಆದ ಮೇಲೆ ಪೋರ್ಟ್ (ಬ್ಯಾರಲ್ ಗೋಡೆಯಲ್ಲಿ ಗಾಳಿ, ಹೊಗೆ ಹೋಗುವ ತೂತು) ಬಾಯಿಯ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ಅದನ್ನು ಸಣ್ಣ ಕಲ್ಲಿನಿಂದ ಸುತ್ತಲೂ ಮೊಂಡು ಮಾಡಲೇಬೇಕು, ಇಲ್ಲ ಅಂದರೆ ರಿಂಗ್ ಅಲ್ಲಿ ಸಿಕ್ಕಿ ಮುರಿಯುತ್ತದೆ. ಬ್ಯಾರಲ್ ವಾಪಸ್ ತೆಗೆದುಕೊಳ್ಳುವಾಗ ಬೆರಳು ಒಳಗೆ ಹಾಕಿ ಸವರಿ ನೋಡಿ. ಕುಯ್ದ ಹಾಗಾದರೆ ಅಲ್ಲೇ ವಾಪಸ್ ಕೊಡಿ.

---

ನವನಗರ_ಬುಲೆಟ್ (ಬಾಗಲಕೋಟೆ)

ಇಷ್ಟೆಲ್ಲಾ ಯಾಕ್ರೀ? ಮೊದಲ ಸಲ ಮಾಡುವವನಿಗೆ ಸೀಲು ಡಯಲ್ಲು ಅಂತ ಹೆದರಿಸಿದರೆ ಗಾಡಿ ಚೀಲದಲ್ಲಿ ತುಂಬಿ ಅಟ್ಟಕ್ಕೆ ಹೋಗುತ್ತದೆ. ಅಂಥ ನಾಲ್ಕು ಗಾಡಿ ನಮ್ಮ ಓಣಿಯಲ್ಲೇ ಇವೆ. ನನ್ನ ಮಾತು ಕೇಳಿದರೆ ಟ್ಯಾಂಕು, ಮಡ್‌ಗಾರ್ಡ್ ಮೊದಲು ಪೇಂಟ್ ಮಾಡಿಸಿ ಎದುರಿಗೆ ಇಟ್ಟುಕೊಳ್ಳಿ, ನೋಡಿದಾಗಲೆಲ್ಲ ಕೆಲಸ ಮಾಡಬೇಕು ಅನಿಸುತ್ತದೆ. ಎಂಜಿನ್ ಒಳ್ಳೆ ಮಿಸ್ತ್ರಿಗೆ ಕೊಟ್ಟು ಪಕ್ಕದಲ್ಲಿ ಕೂತು ನೋಡಿ ಕಲಿಯಿರಿ.

---

ಉದ್ಯಮಬಾಗ್_ಲೇಥ್

ಮಿಸ್ತ್ರಿ ಪಕ್ಕ ಕೂತು ಕಲಿಯುವುದು ಸರಿ ಇದೆ. ಪೇಂಟ್ ಮೊದಲು ಅನ್ನುವುದು ಒಪ್ಪಲ್ಲ. ಎಂಜಿನ್ ಕೂರಿಸುವಾಗ ಒಂದು ಸಲ ಪಾನಾ ಜಾರಿದರೆ ಸಾಕು, ಪೇಂಟ್ ಹಾಳು. ಮೊದಲು ಎಂಜಿನ್ ಶುರುವಾಗಲಿ, ತುಕ್ಕು ಬಣ್ಣದಲ್ಲೇ ನಾಲ್ಕು ಊರು ತಿರುಗಲಿ, ಸೋರುವುದು ಸೋರಲಿ, ಆಮೇಲೆ ಬಿಚ್ಚಿ ಬಣ್ಣ.

---

ಜಮಖಂಡಿ_ಹುಡುಗ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಡೀಸೆಲ್ ಆಯಿಲ್ ಹಾಕಿ ಬಿಟ್ಟಿದ್ದೆ, ಗಾಲಿ ಆಡಿಸಿದಾಗ ಟಪ್ ಅಂತ ಬಿಟ್ಟುಕೊಂಡಿತು. ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು, ನನಗಿಂತ ಅವರಿಗೇ ಖುಷಿ.

ಹೆಡ್ಡು ಬ್ಯಾರಲ್ಲು ಬಿಚ್ಚಿದೆ. ಬೋರಿನಲ್ಲಿ ರಿಂಗ್ ನಿಂತಿದ್ದ ಜಾಗದಲ್ಲಿ ಬಳೆಯ ಹಾಗೆ ಸುತ್ತಲೂ ತುಕ್ಕಿನ ಗೆರೆ, ಉಗುರು ಆಡಿಸಿದರೆ ಸಿಗುತ್ತದೆ. ಪಿಸ್ಟನ್ ತಲೆಯ ಕಾರ್ಬನ್ ಕೆರೆದಾಗ ಕೆಳಗೆ 0.50 ಅಂತ ಕಾಣಿಸಿತು, ಅಂದರೆ ಕಾಕಾ ಮೊದಲೇ ಬೋರ್ ಮಾಡಿಸಿದ್ದಾರೆ. ಕೇಳಿದರೆ ಅವರಿಗೆ ನೆನಪಿಲ್ಲ, "ಮಿಸ್ತ್ರಿ ಏನೋ ಮಾಡಿದ್ದ" ಅಂದರು. ರಾಡ್ ಮೇಲೆ ಕೆಳಗೆ ಎಳೆದಾಗ ನನಗೇನೋ ಆಡಿದ ಹಾಗೆ ಅನಿಸಲಿಲ್ಲ. ಆದರೆ ಕ್ರ್ಯಾಂಕ್ ತಿರುಗಿಸಿದರೆ ಒಂದು ಜಾಗದಲ್ಲಿ ಗರಕ್ ಅನ್ನುತ್ತದೆ. ಕ್ಲಚ್ ಕವರ್ ಆಯಿಲ್ ಇಳಿಸಿದಾಗ ಅಳತೆಗಿಂತ ಬಹಳ ಕಡಿಮೆ ಬಂತು, ಹೊರಗೆ ಎಲ್ಲೂ ಸೋರಿದ ಕಲೆ ಇಲ್ಲ. ಕಾಕಾ ಹೇಳುವುದು, ಕೊನೆಕೊನೆಗೆ ಗಾಡಿ "ಇಟ್ಟಂಗಿ ಭಟ್ಟಿ ಹೊಗಿ ಬಿಡ್ತಿತ್ತು" ಅಂತ. ಇದು ಲೇಥ್ ಸರ್ ಹೇಳಿದ ಸೀಲಿನ ಕಥೆಯೇ ಅಲ್ವಾ?

ಅಂತೂ ಪೂರ್ತಿ ಬಿಚ್ಚುವುದು ಅಂತ ನಿಶ್ಚಯ ಮಾಡಿದೆ. ಈಗ ಎರಡು ಸಂಶಯ. ಟ್ಯಾಂಕ್ ತುಕ್ಕು ಹೇಗೆ ತೆಗೆಯುವುದು, ಸೈಲೆನ್ಸರ್ ಒಳಗಿನ ಮಸಿ ಹೇಗೆ?

---

ಗುಮ್ಮಟ_ಟೂಸ್ಟ್ರೋಕ್

ಅದೇ ಕಥೆ. ಹೊರಗೆ ಸೋರದೆ ಆಯಿಲ್ ಕಡಿಮೆಯಾಗಿದೆ ಅಂದರೆ ಸೈಲೆನ್ಸರ್‌ನಿಂದ ಹೊಗೆಯಾಗಿ ಹೋಗಿದೆ. ಲೇಥ್ ಸರ್ ಗೆದ್ದರು, ನನ್ನ ಮಾತು ವಾಪಸ್. ರಾಡ್ ಮಾತ್ರ ಹೊಸದು ಹಾಕುವ ಮೊದಲು ಶಾಪಿನಲ್ಲಿ ಅಳೆದು ನೋಡಲು ಹೇಳಿ. ಹಳೆ ಕಂಪನಿ ರಾಡ್ ಚೆನ್ನಾಗಿದ್ದರೆ ಈಗ ಸಿಗುವ ಎಷ್ಟೋ ಕಿಟ್‌ಗಿಂತ ವಾಸಿ.

ಟ್ಯಾಂಕಿಗೆ ಬಿಳಿ ವಿನೆಗರ್ ಪೂರ್ತಿ ತುಂಬಿ ಎರಡು ದಿನ ಬಿಡಿ, ನಡುನಡುವೆ ಒಂದು ಹಿಡಿ ನಟ್ಟು ಒಳಗೆ ಹಾಕಿ ಅಲುಗಾಡಿಸಿ. ಹಾಕಿದ ನಟ್ಟು ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ತಡಮಾಡದೆ ಬಿಸಿಲಿಗೆ ಒಣಗಿಸಿ ಸ್ವಲ್ಪ ಟೂಟಿ ಆಯಿಲ್ ಸುತ್ತಾಡಿಸಿ, ಇಲ್ಲ ಅಂದರೆ ಸಂಜೆಯೊಳಗೆ ಮತ್ತೆ ಕೆಂಪಾಗುತ್ತದೆ. ನಮ್ಮ ಕಡೆಯ ಬಿಸಿಲಿಗೆ ಈ ಒಂದು ಉಪಯೋಗವಾದರೂ ಇದೆ. ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ, ಖಾಲಿ ಇದೆ ಅಂತ ಯಾರಾದರೂ ಹಾಗೇ ಬೆಂಕಿ ಹಿಡಿಯಲು ಬಂದರೆ ಬಿಡಬೇಡಿ. ಖಾಲಿ ಟ್ಯಾಂಕಿನ ಆವಿಯೇ ಸಿಡಿಯುವುದು.

ಸೈಲೆನ್ಸರ್ ಒಳಗಿನ ಜಾಳಿಗೆ ಕೊಳವೆ ಹೊರಗೆ ಎಳೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ಮುಳುಗಿಸಿ. ಮೊದಲು ನೀರು, ಆಮೇಲೆ ಅದಕ್ಕೆ ಸೋಡಾ, ಉಲ್ಟಾ ಮಾಡಬೇಡಿ, ಕುದ್ದು ಮೈಮೇಲೆ ಹಾರುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಕಬ್ಬಿಣಕ್ಕೆ ಮಾತ್ರ ಇದು. ಅದೇ ಬಕೆಟ್ಟಿಗೆ ಕಾರ್ಬೊರೇಟರೋ ಹೆಡ್ಡೋ ಹಾಕಿದರೆ ಅಲ್ಯೂಮಿನಿಯಂ ಕರಗಿ ಹೋಗುತ್ತದೆ.

ಕಟ್ಟುವಾಗ ಪಿಸ್ಟನ್ ತಲೆ ಮೇಲಿನ ಬಾಣದ ಗುರುತು ಮುಂದಿನ ಎಕ್ಸಾಸ್ಟ್ ಕಡೆಗೆ ಇರಲಿ. ರಿಂಗ್ ಕೂರುವ ತೋಡಿನಲ್ಲಿ ಒಂದೊಂದು ಸಣ್ಣ ಮೊಳೆ ಇದೆ, ರಿಂಗಿನ ಎರಡು ತುದಿ ಸರಿಯಾಗಿ ಅದರ ಎರಡು ಪಕ್ಕಕ್ಕೆ ಕೂತಿರಬೇಕು. ಬ್ಯಾರಲ್ ಇಳಿಸುವಾಗ ಇಳಿಯುತ್ತಿಲ್ಲ ಅಂದರೆ ಒತ್ತಬೇಡಿ, ಎತ್ತಿ ರಿಂಗ್ ನೋಡಿ. ಪಾಯಿಂಟ್ (ಪ್ಲಗ್ಗಿಗೆ ಕಿಡಿ ಬರುವ ಗಳಿಗೆ ನಿರ್ಧರಿಸುವ ಸ್ವಿಚ್ಚು) ಗ್ಯಾಪ್ 0.4 ಮಿಮೀ ಇಡಿ. ಟೈಮಿಂಗ್ ನೋಡಲು ಸಿಗರೇಟ್ ಡಬ್ಬಿಯೊಳಗಿನ ತೆಳ್ಳಗಿನ ಕಾಗದ ಪಾಯಿಂಟ್ ನಡುವೆ ಸಿಗಿಸಿ ಹಗುರಾಗಿ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸಿ. ಕಾಗದ ಜಾರಿದ ಗಳಿಗೆಯೇ ಪಾಯಿಂಟ್ ಬಿಚ್ಚಿದ ಗಳಿಗೆ. ಆಗ ಪಿಸ್ಟನ್ ತುದಿಯಿಂದ ಎಷ್ಟು ಕೆಳಗಿದೆ ಅಂತ ಪ್ಲಗ್ ತೂತಿನಲ್ಲಿ ಅಳೆದು, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ಲಿನ ಲೆಕ್ಕಕ್ಕೆ ತನ್ನಿ.

---

ಟಿಳಕವಾಡಿ_ಫಟಫಟಿ (ಬೆಳಗಾವಿ)

ಯಾರೂ ಆರ್‌ಸಿ ಮಾತು ಎತ್ತಲಿಲ್ಲ, ನಾನು ಹೇಳುತ್ತೇನೆ. ನನ್ನ ಪ್ರಕಾರ ಪಾನಾ ಹಿಡಿಯುವ ಮೊದಲು ಇದನ್ನೇ ನೋಡಬೇಕಿತ್ತು.

ಮೊದಲು ಫ್ರೇಮಿನ ಮೇಲಿನ ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಆರ್‌ಸಿ ಬುಕ್ಕಿನ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ, ಪೆನ್ಸಿಲಿನಿಂದ ಕಾಗದದ ಮೇಲೆ ಅಚ್ಚು ತೆಗೆದಿಡಿ. ಪೇಂಟಿನವನು ಫ್ರೇಮ್ ಸ್ಯಾಂಡ್ ಬ್ಲಾಸ್ಟ್ ಮಾಡುವಾಗ ಆ ಜಾಗಕ್ಕೆ ಟೇಪ್ ಹಚ್ಚಲು ಹೇಳಿ. ಗ್ರೈಂಡರ್ ತಾಗಿ ನಂಬರ್ ಸವೆಯಿತು ಅಂದರೆ ಗಾಡಿ ಎಷ್ಟು ಚೆನ್ನಾಗಿದ್ದರೂ ಇನ್ಸ್‌ಪೆಕ್ಟರ್ ಒಪ್ಪಲ್ಲ. ಕೇಸ್ ಒಡೆದಿದೆ ಅಂತ ಬೇರೆ ಎಂಜಿನ್ನಿನ ಕೇಸ್ ಹಾಕಿದರೂ ಇದೇ ತೊಂದರೆ.

ಖಾಸಗಿ ಗಾಡಿಯ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಅದಕ್ಕೆ ಫಾರ್ಮ್ 25. ಕಾಕಾ ಹೆಸರಿನಿಂದ ನಿಮ್ಮ ಹೆಸರಿಗೆ ಬರಲು ಫಾರ್ಮ್ 29 ಮತ್ತು 30, ಕಾಕಾ ಸಹಿ ಬೇಕು. ಅವರು ಗಟ್ಟಿಯಾಗಿ ಇರುವಾಗಲೇ ಮಾಡಿಸಿಕೊಳ್ಳಿ, ಹೀಗೆ ಹೇಳಿದ್ದಕ್ಕೆ ತಪ್ಪು ತಿಳಿಯಬೇಡಿ, ಆಮೇಲೆ ಆದರೆ ಫಾರ್ಮ್ 31, ವಾರಸುದಾರರ ಕಾಗದ ಅಂತ ಅಲೆದಾಟ ಜಾಸ್ತಿ. ನಿಮ್ಮದು ಕೆಎ ಸರಣಿ ಬರುವ ಮೊದಲಿನ ನಂಬರ್ ಇರುತ್ತದೆ. ಹಳೆ ರಿಜಿಸ್ಟರಿನಲ್ಲಿ ಮಾತ್ರ ಇದ್ದು ಕಂಪ್ಯೂಟರಿಗೆ ಏರಿರದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಮೊದಲು ಆನ್‌ಲೈನ್‌ನಲ್ಲಿ ನಂಬರ್ ಹಾಕಿ ನೋಡಿ, ಬರದಿದ್ದರೆ ಗಾಡಿ ಮೊದಲು ಎಲ್ಲಿ ರಿಜಿಸ್ಟರ್ ಆಗಿತ್ತೋ ಆ ಆಫೀಸಿನಲ್ಲಿ ಕೇಳಿ. ಜಮಖಂಡಿಗೆ ಈಗ ಕೆಎ 48 ಅಂತ ಸ್ವಂತ ಆಫೀಸ್ ಇದೆ, ಆದರೆ 1984ರ ಪುಸ್ತಕ ಅಲ್ಲೇ ಇದೆ ಅಂತ ಅಂದುಕೊಂಡು ಹೋಗಬೇಡಿ.

ಯಾರಾದರೂ "ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳಿದರೆ ಕೊಡಬೇಡಿ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿಗಷ್ಟೇ ಅದು. ನಿಮ್ಮದಕ್ಕೆ 2034 ಆಗಬೇಕು. ಅದೂ ಅಲ್ಲದೆ ವಿಎ (ವಿಂಟೇಜ್ ಗಾಡಿಗೆ ಕೊಡುವ ಸರಣಿ) ನಂಬರ್ ತೆಗೆದುಕೊಂಡ ಗಾಡಿಯನ್ನು ದಿನಾ ರಸ್ತೆಯಲ್ಲಿ ಓಡಿಸುವಂತಿಲ್ಲ. ನಿಮಗೆ ಸಾದಾ ರಿನ್ಯೂವಲ್ಲೇ ಒಳ್ಳೆಯದು.

---

ಜಮಖಂಡಿ_ಹುಡುಗ

ನಂಬರ್ ಎರಡೂ ತಾಳೆ ಆಯಿತು, ಅಚ್ಚು ತೆಗೆದಿಟ್ಟೆ. ಕಾಕಾ ಸಹಿ ಮಾಡಲು ರೆಡಿ ಇದ್ದಾರೆ. ಲೇಥ್ ಸರ್, 0.75 ಪಿಸ್ಟನ್ ಸಿಗುತ್ತಿಲ್ಲ, 1.00 ಸಿಗುತ್ತಿದೆ. ನೇರವಾಗಿ ಅದಕ್ಕೇ ಹೋಗಲಾ? ಆಮೇಲೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆಯಲ್ಲ, ಹಳೆ ಗಾಡಿಗೆ ನಡೆಯುತ್ತಾ?

---

ಉದ್ಯಮಬಾಗ್_ಲೇಥ್

ನೇರ 1.00ಕ್ಕೆ ಹೋಗಬೇಡಿ. ಅದಾದ ಮೇಲೆ ಮುಂದೆ ಹೆಚ್ಚು ಜಾಗ ಉಳಿಯಲ್ಲ, ಸ್ಲೀವ್ (ಬ್ಯಾರಲ್ ಒಳಗೆ ಹೊಸ ಕೊಳವೆ) ಹಾಕಿಸಬೇಕಾಗಬಹುದು. ಬ್ಯಾರಲ್ ಮೊದಲು ಅಳೆಸಿ, ತುಕ್ಕಿನ ಗುಳಿ 0.75ರಲ್ಲಿ ಹೋಗುತ್ತದೆ ಅಂತಾದರೆ ಪಿಸ್ಟನ್ನಿಗೆ ಇನ್ನೊಂದು ತಿಂಗಳು ಕಾಯಿರಿ. ಅವಸರ ಇಲ್ಲ ಅಂತ ನೀವೇ ಹೇಳಿದ್ದೀರಿ. ಗುಳಿ ಆಳ ಇದ್ದರೆ ಮಾತ್ರ 1.00.

ಪೆಟ್ರೋಲ್ ಬಗ್ಗೆ ಏನು ಹೇಳುವುದು, ನಮ್ಮ ಕಬ್ಬೇ ಫ್ಯಾಕ್ಟರಿಗೆ ಹೋಗಿ ಎಥನಾಲ್ ಆಗಿ ನಮ್ಮ ಟ್ಯಾಂಕಿಗೆ ವಾಪಸ್ ಬರುತ್ತಿದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟಿನದು. ಓಡಿಸಿದರೆ ಗಾಡಿ ಓಡುತ್ತದೆ, ತೊಂದರೆ ನಿಲ್ಲಿಸಿದಾಗ. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ನೀರು ಬೇರೆಯಾಗಿ ಟ್ಯಾಂಕ್ ತಳಕ್ಕೆ ಕೂರುತ್ತದೆ, ಈಗಷ್ಟೇ ತೆಗೆದ ತುಕ್ಕು ಮತ್ತೆ ಶುರು. ಹಳೆ ರಬ್ಬರ್ ಪೈಪು, ಕಾಕ್ ವಾಷರ್ ಕೂಡ ಮೆತ್ತಗಾಗುತ್ತವೆ, ಅವೆಲ್ಲ ಹೊಸದು ಹಾಕಿ. ಮಳೆಗಾಲದಲ್ಲಿ ವಾರಗಟ್ಟಲೆ ತೆಗೆಯಲ್ಲ ಅಂದರೆ ಟ್ಯಾಂಕ್, ಕಾರ್ಬೊರೇಟರ್ ಎರಡೂ ಖಾಲಿ ಮಾಡಿ ಇಡಿ. ಎಥನಾಲ್ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ಸ್ಕ್ರೂ) ಒಂದು ನಂಬರ್ ದೊಡ್ಡದು ಬೇಕಾಗಬಹುದು, ಪ್ಲಗ್ ಬಣ್ಣ ನೋಡಿ ತೀರ್ಮಾನ ಮಾಡಿ. ಬೂದಿ ಬಿಳಿ ಇದ್ದರೆ ಎಂಜಿನ್ ಜಾಸ್ತಿ ಬಿಸಿಯಾಗುತ್ತಿದೆ, ಕಾಫಿ ಪುಡಿ ಬಣ್ಣ ಇದ್ದರೆ ಸರಿ ಇದೆ.

ಹೊಸ ಬೋರಿಗೆ ಶುರುವಿನಲ್ಲಿ ಲೀಟರಿಗೆ 50 ಮಿಲಿ ಟೂಟಿ ಆಯಿಲ್, ಕೂತ ಮೇಲೆ 40. ಫುಲ್ ಎಕ್ಸಲೇಟರ್ ಬೇಡ, ಹಾಗಂತ ಟಾಪ್ ಗೇರಿನಲ್ಲಿ ಎಳೆಯದೆ ಗುದ್ದಾಡಿಸುವುದೂ ಬೇಡ. ಎರಡು ಮೂರು ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಹೆಡ್ ನಟ್ ಇನ್ನೊಮ್ಮೆ ಬಿಗಿ ಮಾಡಿ. ರನ್ನಿಂಗ್ ಇನ್ ಮುಗಿಯುವವರೆಗೆ ಚೋರ್ಲಾ ಘಾಟ್ ಇಳಿಸುವ ಆಸೆ ಬೇಡ. ಟೂ ಸ್ಟ್ರೋಕಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಎಕ್ಸಲೇಟರ್ ಬಿಟ್ಟು ಗೇರಿನಲ್ಲೇ ಉದ್ದಕ್ಕೆ ಇಳಿಸಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಬರುತ್ತಿರಲ್ಲ. ಇಳಿಜಾರಿನಲ್ಲಿ ಆಗಾಗ ಸ್ವಲ್ಪ ಎಕ್ಸಲೇಟರ್ ಕೊಡುತ್ತಾ ಹೋಗಿ.

ಬ್ಯಾರಲ್ ಅಳತೆ ಸಿಕ್ಕ ಮೇಲೆ ಮೇಲೆ, ನಡುವೆ, ಕೆಳಗೆ ಮೂರೂ ಕಡೆಯದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.